ಮಗು ಸಿಡಿದಾಗ ಬುದ್ಧಿ ಹೇಳಬೇಡಿ: ವಾರ್ಡನ್ನರಿಗೆ, ಮೇಷ್ಟ್ರಿಗೆ, ಮನೆಯವರಿಗೆ ಒಂದು ಸಮಗ್ರ ಮಾರ್ಗದರ್ಶಿ

ನನ್ನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಹಲ್ಲಿನ ಗುರುತು ಇನ್ನೂ ಇದೆ. ಸಕಲೇಶಪುರದ ಕಡೆ ಒಂದು ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದಾಗ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಕಚ್ಚಿದ್ದು. ರಾತ್ರಿ ಊಟದ ಹೊತ್ತು. ಪಕ್ಕದ ತೋಟಕ್ಕೆ ಆನೆ ಇಳಿದಿತ್ತು, ಓಡಿಸಲು ಪಟಾಕಿ ಹೊಡೆದರು. ಹುಡುಗ ತಟ್ಟೆ ಬಿಟ್ಟು ಬೆಂಚಿನ ಕೆಳಗೆ ನುಗ್ಗಿದ. ಉಳಿದವರು ನಕ್ಕರು. ನಾನೂ ಸುಮ್ಮನಿರಲಿಲ್ಲ. "ಗಂಡುಮಗ ಆಗಿ ಪಟಾಕಿಗೆ ಹೆದರ್ತೀಯೇನೋ, ಏಳೋ ಮೇಲೆ" ಅಂದೆ. ಏಳಲಿಲ್ಲ. ತೋಳು ಹಿಡಿದು ಎಳೆದೆ. ಮರುಕ್ಷಣ ಸ್ಟೀಲ್ ತಟ್ಟೆ ಹಾರಿ ಇನ್ನೊಬ್ಬನ ಹುಬ್ಬು ಸೀಳಿತು, ನನ್ನ ಕೈಗೆ ಹಲ್ಲು ಬಿತ್ತು.

ಅವನ ಅಪ್ಪ ಎರಡು ವರ್ಷದ ಹಿಂದೆ ನಸುಕಿನಲ್ಲಿ ತೋಟದ ಕೆಲಸಕ್ಕೆ ಹೋಗುವಾಗ ಆನೆಗೆ ಸಿಕ್ಕಿ ಸತ್ತಿದ್ದ. ದಾಖಲಾತಿ ಫಾರಂನಲ್ಲಿ 'ತಂದೆ: ಮೃತ' ಅಂತ ಇತ್ತು. ಹೇಗೆ ಅಂತ ನಾನು ಕೇಳಿರಲಿಲ್ಲ.

ಈ ಬರಹ ಹುಟ್ಟಿದ್ದು ಆ ರಾತ್ರಿಯಿಂದ. ಹುಡುಗನ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಉಳಿದದ್ದು ನಾನು ತಪ್ಪು ಮಾಡಿ, ಓದಿ, ತರಬೇತಿಗಳಲ್ಲಿ ಕೂತು ಕಲಿತದ್ದು.

ಮೊದಲು ಒಂದಿಷ್ಟು ತಿಳಿವಳಿಕೆ

ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಹಾಸ್ಟೆಲುಗಳಿಗೆ ಬರುವ ಮಕ್ಕಳು ಟ್ರಂಕಿನ ಜೊತೆ ಇನ್ನೂ ಏನೇನೋ ಹೊತ್ತು ತರುತ್ತಾರೆ. ತೋಟದ ಕೂಲಿಯವರ ಸಾಲುಮನೆ, ಅಂದರೆ ಲೈನ್ ಮನೆಯ ತೆಳು ಗೋಡೆಯಾಚೆ ಅಪ್ಪ ಕುಡಿದು ಬಂದು ಅಮ್ಮನಿಗೆ ಹೊಡೆಯುವ ಸದ್ದು. ಸಾಲ. ಕುಯ್ಲು ಮುಗಿದರೆ ಇನ್ನೊಂದು ತೋಟ, ಇನ್ನೊಂದು ಶಾಲೆ. ಹತ್ತನೇ ಕ್ಲಾಸಿಗೇ ಗಂಡು ಗೊತ್ತಾದ ಹುಡುಗಿಯರು. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಂಥ ಊರುಗಳಲ್ಲಿ ಗುಡ್ಡವೇ ಜಾರಿ ಬಂತಲ್ಲ, ಅದನ್ನು ಕಣ್ಣಾರೆ ಕಂಡ ಮಗುವಿಗೆ ಶೀಟಿನ ಮೇಲೆ ಬೀಳುವ ಮಳೆ ಬರೀ ಮಳೆಯಲ್ಲ.

ಇದನ್ನೇ ಆಘಾತ ಅನ್ನುವುದು, ಟ್ರಾಮಾ. ಘಟನೆ ಮುಗಿದರೂ ಮೈಗೆ ಅದು ಮುಗಿದಿರುವುದಿಲ್ಲ. ಮಿದುಳಿನೊಳಗೆ ಅಮಿಗ್ಡಲಾ ಅನ್ನುವ ಬಾದಾಮಿ ಗಾತ್ರದ ಭಾಗವಿದೆ. ಅಪಾಯದ ಗಂಟೆ ಬಾರಿಸುವುದರಲ್ಲಿ ಅದಕ್ಕೆ ದೊಡ್ಡ ಪಾತ್ರ. ಒಮ್ಮೆ ಬೆಚ್ಚಿಬಿದ್ದ ಮಗುವಿನಲ್ಲಿ ಸಣ್ಣ ಸದ್ದಿಗೂ ವಾಸನೆಗೂ ಆ ಗಂಟೆ ಹೊಡೆದುಕೊಳ್ಳುತ್ತದೆ. ಆಗ ಮೈ ಕಾದಾಡುತ್ತದೆ, ಇಲ್ಲವೇ ಓಡುತ್ತದೆ, ಇಲ್ಲವೇ ಕಲ್ಲಾಗಿ ಕೂರುತ್ತದೆ. ಯೋಚಿಸುವ, ಲೆಕ್ಕ ಹಾಕುವ, ಮಾತು ಅರ್ಥಮಾಡಿಕೊಳ್ಳುವ ಹಣೆಯ ಹಿಂದಿನ ಭಾಗದ ಹಿಡಿತ ಆ ಹೊತ್ತಿಗೆ ತಪ್ಪಿರುತ್ತದೆ.

ನಾವು ಎಡವುವುದು ಸರಿಯಾಗಿ ಇಲ್ಲೇ. ಕನ್ನಡದ ಹಿರಿಯರಿಗೆ ಒಂದು ಚಟ ಇದೆ: ಬುದ್ಧಿ ಹೇಳುವುದು. ಮಗು ಅಳಲಿ, ಒದೆಯಲಿ, ಬಾಗಿಲು ಹಾಕಿಕೊಳ್ಳಲಿ, ನಮ್ಮ ಬಾಯಿಂದ ಮೊದಲು ಬರುವುದು ಬುದ್ಧಿವಾದ. ಅದನ್ನು ಕೇಳಿಸಿಕೊಳ್ಳುವ ಭಾಗವೇ ಬಾಗಿಲು ಹಾಕಿರುವಾಗ ಎಷ್ಟು ಒಳ್ಳೆಯ ಮಾತಾಡಿದರೂ ಅದು ಗದ್ದಲವೇ.

ಅಮೆರಿಕದಲ್ಲಿ ಒಂಬತ್ತೂವರೆ ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿ ಮಾಡಿದ ಒಂದು ದೊಡ್ಡ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಬಾಲ್ಯದ ಹಿಂಸೆ, ನಿರ್ಲಕ್ಷ್ಯ, ಮನೆಯೊಳಗಿನ ಕುಡಿತ ಇವುಗಳ ಎಣಿಕೆ ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಖಿನ್ನತೆ, ಚಟ, ಹೃದ್ರೋಗದ ಸಾಧ್ಯತೆಯೂ ಏರುತ್ತದೆ ಎಂದು ಅದು ತೋರಿಸಿತು. ನಮ್ಮಲ್ಲೇ ಬೆಂಗಳೂರಿನ ನಿಮ್ಹಾನ್ಸ್, ಕಷ್ಟದಲ್ಲಿರುವ ಮಕ್ಕಳಿಗಾಗಿ 'ಸಂವಾದ್' ಎಂಬ ರಾಷ್ಟ್ರೀಯ ಕಾರ್ಯಕ್ರಮವನ್ನೇ ನಡೆಸುತ್ತಿದೆ. ಇಲ್ಲಿ ಬೇಕಾದ್ದು ಒಂದು ಪ್ರಶ್ನೆಯ ಬದಲಾವಣೆ. "ನಿನಗೇನು ಧಾಡಿ?" ಅನ್ನುವ ಜಾಗದಲ್ಲಿ "ಏನಾಯ್ತು ನಿನಗೆ?" ಬರಬೇಕು. ಅದೂ ಬಾಯಲ್ಲಲ್ಲ, ನಮ್ಮ ತಲೆಯೊಳಗೆ.

ಹಂತ 1: ಗಲಾಟೆ ಇಲ್ಲದ ದಿನಗಳಲ್ಲಿ ಮಾಡಬೇಕಾದ್ದು

ಕೆಲಸದ ಬಹುಪಾಲು ಇಲ್ಲೇ ಇದೆ. ಸಿಡಿದಾಗ ಏನು ಮಾಡಬೇಕೆಂದು ಎಲ್ಲರೂ ಕೇಳುತ್ತಾರೆ, ಜೂನ್ ತಿಂಗಳಲ್ಲಿ ಏನು ಮಾಡಬೇಕೆಂದು ಯಾರೂ ಕೇಳುವುದಿಲ್ಲ.

ದಾಖಲಾತಿಯ ಮೊದಲ ಹದಿನೈದು ದಿನದಲ್ಲಿ ಪ್ರತಿ ಮಗುವಿನ ಜೊತೆ ಹತ್ತು ನಿಮಿಷ ಒಬ್ಬರೇ ಕೂತು ಮಾತಾಡಿ. ಆಫೀಸಿನಲ್ಲಿ ಬೇಡ, ಜಗಲಿಯಲ್ಲಿ, ಬೇರೆಯವರ ಕಣ್ಣಿಗೆ ಕಾಣುವ ಹಾಗೆ, ಆದರೆ ಮಾತು ಕೇಳಿಸದಷ್ಟು ದೂರದಲ್ಲಿ. ಕೆದಕಬೇಡಿ. ನಾನು ಕೇಳುವುದು ಮೂರೇ: ಯಾವುದಕ್ಕೆ ತುಂಬಾ ಬೇಜಾರಾಗುತ್ತೆ ಅಥವಾ ಹೆದರಿಕೆ ಆಗುತ್ತೆ? ಹಾಗಾದಾಗ ಏನು ಮಾಡಿದರೆ ಸರಿಹೋಗುತ್ತೆ? ಇಲ್ಲಿ ಯಾರ ಹತ್ತಿರ ಹೇಳ್ಕೋಬಹುದು ಅನ್ಸುತ್ತೆ? ಮೂರನೆಯದಕ್ಕೆ ಬಂದ ಉತ್ತರ ಅಡುಗೆಯವರೋ ವಾಚ್‌ಮನ್ನೋ ಆದರೆ ಬೇಸರಪಟ್ಟುಕೊಳ್ಳಬೇಡಿ. ಅವರನ್ನೂ ಕೂರಿಸಿ ಈ ವಿಷಯ ಹೇಳಿಕೊಡಿ. ರಾತ್ರಿ ಎರಡಕ್ಕೆ ಎಚ್ಚರವಿರುವವರು ಅವರೇ.

ಉತ್ತರಗಳು ಬೀರುವಿನೊಳಗಿನ ಒಂದು ನೋಟ್‌ಬುಕ್ಕಿನಲ್ಲಿರಲಿ, ಸ್ಟಾಫ್ ರೂಮಿನ ಹರಟೆಗೆ ಹೋಗಬಾರದು.

ಎರಡನೆಯದು, ದಿನಚರಿ. ಮುಂದೇನಾಗುತ್ತದೆಂದು ಗೊತ್ತಿಲ್ಲದ ಮನೆಯಿಂದ ಬಂದ ಮಗುವಿಗೆ, ಮುಂದೇನಾಗುತ್ತದೆಂದು ಗೊತ್ತಿರುವುದೇ ಔಷಧ. ಊಟ ಎಷ್ಟು ಹೊತ್ತಿಗೆ, ಮನೆಗೆ ಫೋನ್ ಯಾವ ದಿನ, ಇವತ್ತು ವಾಚ್‌ಮನ್ ಬದಲಿ ಯಾರು ಎನ್ನುವುದನ್ನೆಲ್ಲ ಬೋರ್ಡಿನ ಮೇಲೆ ಬರೆಯಿರಿ. ಬದಲಾದರೆ ಮುಂಚೆಯೇ ಹೇಳಿ. ಅರಣ್ಯ ಇಲಾಖೆಯವರು ರಾತ್ರಿ ಆನೆ ಓಡಿಸುತ್ತಾರೆ ಎಂದು ತಿಳಿದರೆ ಸಂಜೆಯೇ ಎಲ್ಲರಿಗೂ "ಇವತ್ತು ಸದ್ದು ಬರಬಹುದು" ಅನ್ನಿ. ಇಷ್ಟೇ. ನಾನು ಅದನ್ನು ಹೇಳಿದ್ದರೆ ಆ ಹುಬ್ಬು ಒಡೆಯುತ್ತಿರಲಿಲ್ಲ.

ಮೂರನೆಯದು, ನಾವೇ ಮಾಡುವ ಸಣ್ಣ ಸಣ್ಣ ಭಯೋತ್ಪಾದನೆಗಳು. ಬೆಳಿಗ್ಗೆ ಐದೂವರೆಗೆ ಕೋಲಿನಿಂದ ಮಂಚ ಬಡಿದು ಎಬ್ಬಿಸುವುದು. ಬೆಲ್ಟಿಗೆ ಕೈ ಹಾಕುವ ತಮಾಷೆ. ಬಲ್ಬಿಲ್ಲದ ಬಚ್ಚಲು, ಚಿಲಕವಿಲ್ಲದ ಕಕ್ಕಸು. ಎಲ್ಲರೆದುರು "ನಿಮ್ಮಪ್ಪ ಫೀಸ್ ಕಟ್ಟಿಲ್ಲ" ಅನ್ನುವುದು. ಚಿಲಕಕ್ಕೆ ನೂರು ರೂಪಾಯಿಯೂ ಆಗುವುದಿಲ್ಲ. ಹುಡುಗಿಯರ ಹಾಸ್ಟೆಲಿನಲ್ಲಿ ಎಷ್ಟೋ ಸಮಸ್ಯೆ ಅದೊಂದರಲ್ಲೇ ಕರಗಿದ್ದನ್ನು ನೋಡಿದ್ದೇನೆ. ಹೊಡೆಯುವ ಬಗ್ಗೆ ಚರ್ಚೆಯೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಹಂತ 2: ಹಾಲು ಉಕ್ಕುವ ಮುಂಚೆ

ಯಾವ ಮಗುವೂ ಏಕಾಏಕಿ ಸಿಡಿಯುವುದಿಲ್ಲ. ಹಾಗೆ ಕಾಣುವುದು ನಾವು ನೋಡದಿದ್ದುದರಿಂದ. ದವಡೆ ಬಿಗಿಯುತ್ತದೆ, ಕಾಲು ಅಲ್ಲಾಡುತ್ತದೆ, ಉಗುರು ಕಡಿಯುತ್ತಾರೆ, ಮಾತಾಡುವವಳು ಮೌನವಾಗುತ್ತಾಳೆ, ಮೌನಿ ಎಲ್ಲರ ಜೊತೆ ಕಾಲು ಕೆರೆಯುತ್ತಾನೆ. ಊಟ ಬಿಡುತ್ತಾರೆ. ರಜೆ ಮುಗಿಸಿ ಬಂದ ಮೊದಲ ಎರಡು ದಿನ, ಭಾನುವಾರ ಸಂಜೆ, ಪೋಷಕರು ಬರುವ ದಿನ ಯಾರೂ ಬಾರದ ಮಗು, ಪರೀಕ್ಷೆಯ ಫಲಿತಾಂಶದ ಹಿಂದಿನ ರಾತ್ರಿ: ಈ ಹೊತ್ತುಗಳಲ್ಲಿ ಕಣ್ಣು ತೆರೆದಿರಲಿ. 2019ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲು ಬಂದ ಜಿಲ್ಲೆ ಹಾಸನ. ಹೆಮ್ಮೆಯೇ ಸರಿ. ಆದರೆ ಆ ಹೆಮ್ಮೆಯ ಭಾರ ಯಾರ ಹೆಗಲ ಮೇಲೆ ಕೂರುತ್ತದೆಂದು ಪರೀಕ್ಷೆ ಹತ್ತಿರ ಬಂದಾಗ ಹತ್ತನೇ ಕ್ಲಾಸಿನ ಕೋಣೆಗೆ ಹೋದರೆ ಗೊತ್ತಾಗುತ್ತದೆ.

ಈ ಹಂತದಲ್ಲಿ ಮಾಡುವುದು ಸುಲಭ. ಹತ್ತಿರ ಹೋಗಿ ಒಂದು ಕೆಲಸ ಕೊಡಿ: "ಬಾ, ಈ ಕೊಡ ಒಂದು ಕೈ ಹಿಡಿ." ನಡೆದಾಡಿಸಿ, ನೀರು ಕುಡಿಸಿ. ಏನಾಯಿತೆಂದು ಕೇಳದೆಯೂ ಅರ್ಧ ಉರಿ ಆರುತ್ತದೆ.

ಹಂತ 3: ಸಿಡಿದೇಬಿಟ್ಟಾಗ

ಇಲ್ಲಿ ಅನುಕ್ರಮ ಮುಖ್ಯ.

ಮೊದಲು ನೀವು. ಬಾಗಿಲಲ್ಲಿ ಒಂದು ಕ್ಷಣ ನಿಲ್ಲಿ. ಉಸಿರು ತೆಗೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ, ಎರಡು ಸಲ. ಉಚ್ಛ್ವಾಸಕ್ಕಿಂತ ನಿಶ್ವಾಸ ಉದ್ದವಾದರೆ ಎದೆಬಡಿತ ತಗ್ಗುತ್ತದೆ. ಭುಜ ಇಳಿಸಿ, ಮುಷ್ಟಿ ಬಿಡಿಸಿ, ಕೈಯಲ್ಲಿ ಬೀಗದ ಗೊಂಚಲೋ ಕೋಲೋ ಇದ್ದರೆ ಆಚೆ ಇಡಿ. ಮಗು ಮೊದಲು ಓದುವುದು ನಿಮ್ಮ ಮೈಯನ್ನು.

ಆಮೇಲೆ ಪ್ರೇಕ್ಷಕರು. ಸಿಟ್ಟಿನಲ್ಲಿರುವವನನ್ನು ಸಾಗಿಸುವುದಕ್ಕಿಂತ ಸುತ್ತ ನಿಂತವರನ್ನು ಸಾಗಿಸುವುದು ಸುಲಭ. "ಎಲ್ಲರೂ ತಟ್ಟೆ ತಗೊಂಡು ಆಚೆ ಹಜಾರಕ್ಕೆ" ಅನ್ನಿ, ಒಬ್ಬರು ಅವರ ಜೊತೆ ಹೋಗಲಿ. ನಲವತ್ತು ಜನರ ಎದುರು ಯಾವ ಹದಿನಾಲ್ಕರ ಹುಡುಗನೂ ಸೋಲೊಪ್ಪುವುದಿಲ್ಲ. ಮೊಬೈಲಿನಲ್ಲಿ ಯಾರೂ ವಿಡಿಯೋ ಮಾಡಬಾರದು. ಸಿಬ್ಬಂದಿಯೂ ಸೇರಿ, ಇದು ಕಟ್ಟುನಿಟ್ಟು. ಚಾಕು, ಒಡೆದ ಗಾಜು, ಬಿಸಿ ಸಾರಿನ ಪಾತ್ರೆ ಕೈಗೆಟುಕದ ಹಾಗೆ ಸರಿಸಿ.

ನಂತರ ನಿಲ್ಲುವ ರೀತಿ. ಎರಡು ತೋಳು ದೂರ. ಎದುರೆದುರಲ್ಲ, ಸ್ವಲ್ಪ ಓರೆಯಾಗಿ. ಬಾಗಿಲಿಗೆ ಅಡ್ಡ ನಿಲ್ಲಬೇಡಿ, ನಿಮಗೂ ಅವನಿಗೂ ಹೊರಹೋಗುವ ದಾರಿ ಇರಲಿ. ಅವನು ನೆಲದಲ್ಲಿದ್ದರೆ ನೀವೂ ತುಸು ದೂರದಲ್ಲಿ ಮೆಟ್ಟಿಲ ಮೇಲೋ ನೆಲದ ಮೇಲೋ ಕೂತುಬಿಡಿ. ದಿಟ್ಟಿಸಬೇಡಿ. ಮುಟ್ಟಬೇಡಿ. ತಲೆ ನೇವರಿಸುವುದು ನಮಗೆ ಪ್ರೀತಿ, ಪೆಟ್ಟು ತಿಂದ ಮಗುವಿಗೆ ಮೇಲಿಂದ ಬರುವ ಕೈ ಅಂದರೆ ಕೈಯೇ.

ಮಾತು ಕಡಿಮೆ. ದನಿ ಅವನದಕ್ಕಿಂತ ತಗ್ಗಿನಲ್ಲಿ, ವಾಕ್ಯಕ್ಕೆ ನಾಲ್ಕೈದು ಪದ, ನಡುವೆ ಬಿಡುವು. ಅವನ ಮನೆಮಾತು ತಮಿಳೋ ತುಳುವೋ ಲಂಬಾಣಿಯೋ ಆಗಿದ್ದು ನಿಮಗೆ ಎರಡು ಪದ ಬಂದರೆ ಅದನ್ನೇ ಬಳಸಿ. ನಾನು ಈಗ ಹೇಳುವುದು ಹೆಚ್ಚುಕಡಿಮೆ ಇಷ್ಟೇ:

"ನಾನು ಇಲ್ಲೇ ಇದೀನಿ."
"ಯಾರೂ ಹೊಡೆಯಲ್ಲ."
"ತುಂಬಾ ಸಿಟ್ಟು ಬಂದಿದೆ. ಕಾಣ್ತಿದೆ."
"ಆಚೆ ಜಗಲಿಗೆ ಹೋಗೋಣ್ವಾ, ಇಲ್ಲೇ ಇರ್ತೀಯಾ?"

ಕೊನೆಯದನ್ನು ಗಮನಿಸಿ. ಎರಡು ಆಯ್ಕೆ, ಎರಡೂ ನಿಮಗೆ ಒಪ್ಪಿಗೆಯಾದವು. ಕೈಯಿಂದ ಎಲ್ಲ ಜಾರಿತು ಅನ್ನಿಸಿದ ಮಗುವಿಗೆ ಒಂದು ಸಣ್ಣ ಹಿಡಿತ ವಾಪಸ್ ಸಿಗುತ್ತದೆ.

ಹೇಳಬಾರದವುಗಳ ಪಟ್ಟಿ ಉದ್ದವಿದೆ, ಮೂರು ಸಾಕು. "ಯಾಕೆ ಹೀಗ್ ಮಾಡ್ದೆ?" ಎಂದು ಕೇಳಬೇಡಿ, ಆ ಹೊತ್ತಿಗೆ ಅವನಿಗೇ ಗೊತ್ತಿರುವುದಿಲ್ಲ. "ನಿಮ್ಮಮ್ಮ ಎಷ್ಟು ಕಷ್ಟಪಡ್ತಾಳೆ ಗೊತ್ತಾ" ಅನ್ನಬೇಡಿ, ಗೊತ್ತಿರುವುದರಿಂದಲೇ ಅವನು ಕುದಿಯುತ್ತಿರುವುದು. "ನಾಳೆ ಟಿ.ಸಿ. ಕೊಟ್ಟು ಕಳಿಸ್ತೀನಿ" ಅನ್ನುವುದಂತೂ ಉರಿಯುವ ಒಲೆಗೆ ಸೀಮೆಎಣ್ಣೆ. ಬೈಗುಳ ಕೇಳಿಬಂದರೆ ನುಂಗಿಕೊಳ್ಳಿ. ಅದರ ಲೆಕ್ಕ ನಾಳೆಗೆ.

ಆಮೇಲೆ ಕಾಯಿರಿ. ಮೈಗೆ ಏರಿದ ಉದ್ವೇಗ ಇಳಿಯಲು ಸಾಮಾನ್ಯವಾಗಿ ಇಪ್ಪತ್ತು ನಿಮಿಷವಾದರೂ ಬೇಕು, ಕೆಲವರಿಗೆ ಗಂಟೆಯ ಮೇಲೆ. ನಡುವೆ ಒಮ್ಮೆ ತಣ್ಣಗಾದ ಹಾಗೆ ಕಂಡು ಮತ್ತೆ ಏರುತ್ತದೆ. ಆಗಲೇ ನಾವು ಮೋಸ ಹೋಗಿ ಬುದ್ಧಿವಾದ ಶುರುಮಾಡುವುದು.

ಹಿಡಿದು ನಿಲ್ಲಿಸುವುದು ಕಟ್ಟಕಡೆಯ ದಾರಿ. ಬಾವಿಯ ಕಡೆ, ರಸ್ತೆಯ ಕಡೆ ಓಡಿದರೆ, ಇನ್ನೊಬ್ಬರ ಜೀವಕ್ಕೆ ಕುತ್ತಾದರೆ ಮಾತ್ರ, ಎಷ್ಟು ಬೇಕೋ ಅಷ್ಟೇ ಹೊತ್ತು. ಬೋರಲು ಕೆಡವಿ ಬೆನ್ನ ಮೇಲೆ ಕೂರುವುದನ್ನು ಯಾವ ಕಾರಣಕ್ಕೂ ಮಾಡಬೇಡಿ, ಉಸಿರು ಕಟ್ಟಿ ಸಾಯಬಹುದು. ಕೋಣೆಗೆ ಹಾಕಿ ಬೀಗ ಜಡಿಯುವುದೂ ಬೇಡ. ಕೈಮೀರಿತು ಅನ್ನಿಸಿದರೆ ತುರ್ತು ಸಹಾಯದ 112ಕ್ಕೆ ಕರೆ ಮಾಡಿ.

ಹಂತ 4: ಕಲ್ಲಾಗಿ ಕೂತ ಮಗು

ಇವರು ತೊಂದರೆ ಕೊಡುವುದಿಲ್ಲ. ಹಾಗಾಗಿ ನಮ್ಮ ಕಣ್ಣಿಗೆ ಬೀಳುವುದೂ ಇಲ್ಲ. ಕಣ್ಣು ಎಲ್ಲೋ ನೆಟ್ಟಿರುತ್ತದೆ, ಕರೆದರೆ ಓಗೊಡುವುದಿಲ್ಲ, ಕೈ ತಣ್ಣಗಿರುತ್ತದೆ. ಮಲೆನಾಡಿನಲ್ಲಿ ಇದಕ್ಕೆ ತಕ್ಷಣ ಸಿಗುವ ಹೆಸರು 'ಗಾಳಿ ಸೋಕಿದೆ'. ಮನೆಯವರು ಬಂದು ನಿಂಬೆಹಣ್ಣು ನಿವಾಳಿಸುತ್ತಾರೆ, ತಾಯತ ಕಟ್ಟಿಸುತ್ತಾರೆ. ನಾನು ತಾಯತದ ಜೊತೆ ಜಗಳಕ್ಕೆ ಹೋಗುವುದಿಲ್ಲ. ಅಮ್ಮ ಕೈಯಾರೆ ಕಟ್ಟಿದ ದಾರದಿಂದ ಮಗುವಿಗೆ ಧೈರ್ಯ ಬಂದರೆ ಬರಲಿ. ಹೊಡೆದು, ಹೊಗೆ ಹಾಕಿ ಬಿಡಿಸುವುದಕ್ಕೆ ಮಾತ್ರ ಬಿಡಬೇಡಿ. "ಅದೂ ಇರಲಿ, ಡಾಕ್ಟರಿಗೂ ತೋರಿಸೋಣ" ಎಂದರೆ ಮುಕ್ಕಾಲು ಪಾಲು ಅಮ್ಮಂದಿರು ಒಪ್ಪುತ್ತಾರೆ. ಮೊದಲ ಸಲ ಹೀಗಾದರೆ ಡಾಕ್ಟರಿಗೆ ತೋರಿಸಲೇಬೇಕು, ಮೂರ್ಛೆರೋಗವೂ ಹೀಗೇ ಕಾಣಬಹುದು.

ಆ ಹೊತ್ತಿಗೆ ಮಾಡುವುದು, ಮಗುವನ್ನು ಈ ಜಾಗಕ್ಕೆ, ಈ ಗಳಿಗೆಗೆ ಕರೆತರುವುದು. ಹೆಸರು ಹಿಡಿದು ಮೆಲ್ಲಗೆ: "ನೀನು ಹಾಸ್ಟೆಲಲ್ಲಿದೀಯ. ಇವತ್ತು ಗುರುವಾರ. ಮಳೆ ಬರ್ತಿದೆ, ಒಳಗೆ ಬೆಚ್ಚಗಿದೆ." ಅಂಗಾಲು ನೆಲಕ್ಕೆ ಒತ್ತಲು ಹೇಳಿ. ಕಾಣುವ ಐದು ವಸ್ತು, ಮುಟ್ಟಬಹುದಾದ ನಾಲ್ಕು, ಕೇಳುವ ಮೂರು ಸದ್ದು, ಎರಡು ವಾಸನೆ, ಒಂದು ರುಚಿ ಎಂದು ಎಣಿಸುವ ಪದ್ಧತಿಯೊಂದಿದೆ. ನಮ್ಮ ಹುಡುಗಿಯೊಬ್ಬಳಿಗೆ ಐದರಿಂದ ಶುರುಮಾಡಿದರೆ ಆಗುತ್ತಿರಲಿಲ್ಲ. ಒಂದು ಹಿಡಿ ಹುರಿದ ಕಾಫಿಬೀಜವನ್ನು ಡಬ್ಬಿಯಲ್ಲಿಟ್ಟುಕೊಂಡಿದ್ದಳು, ಮೂಸಿದರೆ ಕಣ್ಣು ತಿರುಗಿ ನಮ್ಮನ್ನು ನೋಡುತ್ತಿದ್ದಳು. ವಾಸನೆಯೇ ಕೆಲವರಿಗೆ ಭಯವಾಗಬಹುದು, ಆದ್ದರಿಂದ ಮಗುವೇ ಆರಿಸಿದ್ದನ್ನು ಬಳಸಿ.

ಹಂತ 5: "ಸಾಯ್ತೀನಿ" ಅಂದಾಗ

ನಾಟಕ ಅನ್ನಬೇಡಿ. ನಾಟಕವೇ ಆಗಿದ್ದರೂ, ಸಾವಿನ ಹೆಸರು ಹೇಳದೆ ಯಾರೂ ತಿರುಗಿ ನೋಡುವುದಿಲ್ಲ ಎಂದು ಒಂದು ಮಗುವಿಗೆ ಅನ್ನಿಸಿದ್ದೇ ಸಾಕಷ್ಟು ದೊಡ್ಡ ವಿಷಯ. ನೇರವಾಗಿ ಕೇಳಿ: "ಜೀವ ಕಳ್ಕೋಬೇಕು ಅಂತ ಅನ್ಸುತ್ತಾ?" ಕೇಳಿದರೆ ಇಲ್ಲದ ಯೋಚನೆ ಹೊಕ್ಕುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಕೇಳಿದರೆ ಎದೆಯ ಭಾರ ಇಳಿಯುತ್ತದೆ. ಹೌದು ಅಂದರೆ ಹೇಗೆ, ಯಾವಾಗ ಎಂದು ಯೋಚಿಸಿದ್ದಾರಾ ಎಂಬುದನ್ನೂ ತಿಳಿದುಕೊಳ್ಳಿ. ಒಬ್ಬರೇ ಇರಲು ಬಿಡಬೇಡಿ, ಕಕ್ಕಸಿಗೆ ಹೋದರೂ ಬಾಗಿಲಾಚೆ ಒಬ್ಬರಿರಲಿ. ನಮ್ಮ ಕಡೆ ತೋಟದ ಔಷಧಿ, ಅಂದರೆ ಕೀಟನಾಶಕ ವಿಷ, ಅಟ್ಟದ ಮೇಲೆ, ಮಂಚದ ಕೆಳಗೆ ಬಿದ್ದಿರುತ್ತದೆ. ಮನೆಗೆ ಕಳಿಸುವ ಮುಂಚೆ ಅದಕ್ಕೆ ಬೀಗ ಬಿದ್ದಿದೆಯೇ ಎಂದು ಫೋನು ಮಾಡಿ ಖಾತ್ರಿಮಾಡಿಕೊಳ್ಳಿ. ಕ್ಷಣದ ಆವೇಗಕ್ಕೂ ಸಾವಿಗೂ ನಡುವೆ ಬೀಗವೊಂದಿದ್ದರೆ ಎಷ್ಟೋ ಜೀವ ಉಳಿಯುತ್ತದೆ.

ಏನಾದರೂ ಕುಡಿದುಬಿಟ್ಟಿದ್ದರೆ 108ಕ್ಕೆ ಕರೆ. ಉಪ್ಪುನೀರು, ಸೋಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಬಾಟಲಿಯನ್ನು ಜೊತೆಗೇ ಒಯ್ಯಿರಿ. "ಚೆನ್ನಾಗೇ ಇದಾನಲ್ಲ" ಎಂದು ಕಾಯಬೇಡಿ, ತಡವಾಗಿ ಕೆಲಸ ಮಾಡುವ ವಿಷಗಳಿವೆ. ಕೇಸಾಗುತ್ತದೆಂದು ಮುಚ್ಚಿಡುವವರಿಗೆ ಒಂದು ಮಾತು: 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ.

ಮಾತಾಡಲು 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ಹಗಲುರಾತ್ರಿ, ಉಚಿತ, ಕನ್ನಡದಲ್ಲಿ. 2022ರ ಅಕ್ಟೋಬರ್ 10ರಂದು ಶುರುವಾದದ್ದು. ಮಗುವಿನ ಪರವಾಗಿ ನೀವೂ ಕರೆಮಾಡಿ ಕೇಳಬಹುದು. ಮನೋವೈದ್ಯರು ಬೇಕಾದರೆ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್, ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆ ಇವೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ 'ಮನೋಚೈತನ್ಯ' ಕ್ಲಿನಿಕ್ ಇದೆ. ನಿಮ್ಮ ತಾಲ್ಲೂಕಿಗೆ ವೈದ್ಯರು ಯಾವ ಮಂಗಳವಾರ ಬರುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಕಳಸದಿಂದ, ಶೃಂಗೇರಿಯಿಂದ ಜಿಲ್ಲಾ ಕೇಂದ್ರಕ್ಕೆ ಹೋಗಿ ಬರಲು ಒಂದು ದಿನದ ಕೂಲಿ ಹೋಗುತ್ತದೆ, ಆದ್ದರಿಂದ ಇದು ಸಣ್ಣ ಮಾಹಿತಿಯಲ್ಲ.

ಹಂತ 6: ಮಗು ಬಾಯಿಬಿಟ್ಟು ಹೇಳಿದಾಗ

ತಣ್ಣಗಾದ ಮೇಲೆ, ಕೆಲವೊಮ್ಮೆ ಪಾತ್ರೆ ತೊಳೆಯುವಾಗ, ಮಗು ಏನನ್ನೋ ಹೇಳಿಬಿಡುತ್ತದೆ. ಮಾವ ಮುಟ್ಟಿದ್ದು, ರಜೆಯಲ್ಲಿ ಆದದ್ದು. ಮೊದಲು ಹೇಳಬೇಕಾದ ಮಾತು: "ಹೇಳಿದ್ದು ಒಳ್ಳೇದಾಯ್ತು. ನಿನ್ನ ತಪ್ಪಿಲ್ಲ." ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾತ್ರ ಇಡಬೇಡಿ, ಅದು ನಿಮ್ಮ ಕೈಯಲ್ಲಿಲ್ಲ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ, ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆಗಲಿ ಪೊಲೀಸರಿಗೋ ವಿಶೇಷ ಬಾಲ ಪೊಲೀಸ್ ಘಟಕಕ್ಕೋ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ ಜೈಲು. "ಹಾಸ್ಟೆಲ್ ಹೆಸರು ಹಾಳಾಗುತ್ತೆ" ಎಂದು ಊರಿನ ಹಿರಿಯರು ಬಂದು ಕೂತಾಗ ಈ ಕಲಂ ನಿಮ್ಮ ಬೆನ್ನಿಗಿರುತ್ತದೆ. ನನ್ನ ಬೆನ್ನಿಗಿತ್ತು.

ಪ್ರಶ್ನೆಗಳ ಮೇಲೆ ಪ್ರಶ್ನೆ ಕೇಳಬೇಡಿ, ಅದು ತನಿಖೆ ಮಾಡುವವರ ಕೆಲಸ. ಮಗು ಹೇಳಿದ ಪದಗಳನ್ನೇ, ದಿನಾಂಕ ಮತ್ತು ಹೊತ್ತು ಹಾಕಿ ಬರೆದಿಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ಮುಂದಿನ ದಾರಿ ಅವರೇ ಹೇಳುತ್ತಾರೆ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೂ ವಿಷಯ ಹೋಗಬೇಕು. ಹೇಳಿಕೆ ಪಡೆಯಲು ಬರುವ ಪೊಲೀಸರು ಸಮವಸ್ತ್ರದಲ್ಲಿರಬಾರದು, ಸಾಧ್ಯವಾದಷ್ಟು ಮಹಿಳಾ ಸಬ್ ಇನ್ಸ್‌ಪೆಕ್ಟರೇ ಬರಬೇಕು, ಮಗುವಿಗೆ ಇಷ್ಟವಾದ ಜಾಗದಲ್ಲಿ ನಡೆಯಬೇಕು, ರಾತ್ರಿ ಠಾಣೆಯಲ್ಲಿ ಇರಿಸುವಂತಿಲ್ಲ. ಇದು ಕೃಪೆಯಲ್ಲ, ಕಾನೂನು. ಗೊತ್ತಿದ್ದರೆ ವಿನಯದಿಂದಲೇ ಕೇಳಿ ಪಡೆಯಬಹುದು.

ಹಂತ 7: ಮರುದಿನ

ಬುದ್ಧಿ ಹೇಳಲು ಹೊತ್ತು ಬಂದಿದೆ ಅಂದುಕೊಂಡಿರಾ? ಇನ್ನೂ ಇಲ್ಲ. ಮೊದಲು ಊಟ, ನಿದ್ದೆ. ಆಮೇಲೆ ಇಬ್ಬರೇ ಕೂತು, ಏನೇನಾಯಿತೆಂದು ಅವನ ಬಾಯಿಂದ ಕೇಳಿ. ನಿಮ್ಮ ತಪ್ಪಿದ್ದರೆ ಒಪ್ಪಿಕೊಳ್ಳಿ. ನಾನು "ತೋಳು ಹಿಡಿದು ಎಳೆದದ್ದು ತಪ್ಪಾಯ್ತು ಕಣೋ" ಅಂದಾಗ ಆ ಹುಡುಗ ನನ್ನ ಕೈಯ ಬ್ಯಾಂಡೇಜು ನೋಡಿ "ಟಿಟಿ ಹಾಕಿಸ್ಕೊಂಡ್ರಾ ಸಾರ್?" ಎಂದು ಕೇಳಿದ.

ತಪ್ಪಿಗೆ ಹೊಣೆ ಇಲ್ಲವೇ? ಇದೆ. ಹುಬ್ಬೊಡೆದ ಹುಡುಗನಿಗೂ ನ್ಯಾಯ ಬೇಕಲ್ಲ, ಅವನ ಅಪ್ಪ ಬಂದು ಕೂಗಾಡಿದ್ದೂ ಸರಿಯೇ. ಆದರೆ ಶಿಕ್ಷೆಯ ಬದಲು ಸರಿಪಡಿಸುವ ಕೆಲಸ. ಇವನು ಒಂದು ವಾರ ಅವನ ತಟ್ಟೆ ತೊಳೆದ, ಡ್ರೆಸ್ಸಿಂಗಿಗೆ ಜೊತೆಗೆ ಹೋಗಿಬಂದ. ಮೂರನೇ ದಿನಕ್ಕೆ ಇಬ್ಬರೂ ಒಟ್ಟಿಗೆ ಐಸ್‌ಕ್ಯಾಂಡಿ ತಿನ್ನುತ್ತ ವಾಪಸ್ ಬಂದರು.

ಅಂದು ರಾತ್ರಿ ನೋಡುತ್ತ ನಿಂತಿದ್ದ ಉಳಿದ ಮಕ್ಕಳನ್ನು ಮರೆಯಬೇಡಿ. ಅವರಲ್ಲೂ ಕೆಲವರಿಗೆ ಆ ತಟ್ಟೆಯ ಸದ್ದು ಮನೆಯ ಸದ್ದೇ. ಮತ್ತೆ ನೀವು: ಇಂಥ ರಾತ್ರಿಯಾದ ಮೇಲೆ ಯಾರ ಹತ್ತಿರವಾದರೂ ಹೇಳಿಕೊಳ್ಳಿ. ನಾನು ಹೇಳಿಕೊಳ್ಳದೆ ಎರಡು ವಾರ ಮನೆಯಲ್ಲಿ ಎಲ್ಲರ ಮೇಲೂ ರೇಗಾಡಿದೆ.

ಕೊನೆಗೆ ಒಂದು ಚೀಟಿ. ಮುಂದಿನ ಸಲ ಹೀಗಾದರೆ ನಾವೇನು ಮಾಡಬೇಕೆಂದು ಮಗುವಿನ ಕೈಲೇ ಬರೆಸಿ, ನೋಟ್‌ಬುಕ್ಕಿಗೆ ಅಂಟಿಸಿ, ರಾತ್ರಿಪಾಳಿಯವರಿಗೂ ತೋರಿಸಿ. ನಮ್ಮ ಹುಡುಗ ಬರೆದದ್ದು:

"ಪಟಾಕಿ ಇದ್ರೆ ಮೊದ್ಲೇ ಹೇಳಿ. ಲೈಟ್ ಆಫ್ ಮಾಡ್ಬೇಡಿ. ಮುಟ್ಬೇಡಿ. ಯಾರೂ ನೋಡ್ಬಾರ್ದು. ಆಮೇಲೆ ಟೀ."

ಟೀ ವಿಷಯಕ್ಕೆ ಅಡುಗೆಯವರು ತಕರಾರು ತೆಗೆದರು, ಒಬ್ಬನಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ ಅಂತ. ಫೆಬ್ರವರಿಯಲ್ಲಿ ಮತ್ತೆ ಆನೆ ಬಂತು. ಸಂಜೆಯೇ ಹೇಳಿದ್ದೆವು. ಮೊದಲ ಸದ್ದಿಗೆ ಹುಡುಗ ಎದ್ದು ಅಡುಗೆಮನೆಗೆ ಹೋದ, ಒಲೆಯ ಪಕ್ಕ ಗೋಡೆಗೆ ಬೆನ್ನು ಕೊಟ್ಟು ಕೂತ. ನಾನು ಬಾಗಿಲಾಚೆ ಮೆಟ್ಟಿಲ ಮೇಲೆ ಕೂತೆ. ನಲವತ್ತು ನಿಮಿಷ ಯಾರೂ ಮಾತಾಡಲಿಲ್ಲ. ಅಡುಗೆಯವರು ಗೊಣಗುತ್ತಲೇ ಪಾತ್ರೆ ಇಟ್ಟರು. ಮೂರು ಲೋಟ ಮಾಡಿದ್ದರು.